ಹೊಳೆಯ ಉಸುಕು ಖಾಲಿ ಬಿದ್ದಿಲ್ಲ, ಅಲ್ಲಿ ತತ್ತಿ ಇವೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ನಿಮ್ಮ ಪುರವಣಿಯಲ್ಲಿ ಬೇಸಿಗೆಗೆ ಹತ್ತಿರದ ತಾಣಗಳು ಅಂತ ಒಂದು ಪುಟ ಬಂದಿತ್ತು. ಅದರಲ್ಲಿ ತುಂಗಭದ್ರಾ ಹೊಳೆಯ ನಡುವೆ, ಉಸುಕಿನ ಮೇಲೆ ನಿಂತ ಜೀಪಿನ ಫೋಟೋ ಇತ್ತು. ಚೆಂದದ ಫೋಟೋ. ನೋಡಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು, ಯಾಕಂದ್ರೆ ಎರಡು ವರ್ಷದ ಹಿಂದೆ ಹಾಗೇ ಜೀಪು ನಿಲ್ಲಿಸಿ ಫೋಟೋ ತೆಗೆಸಿಕೊಂಡವರಲ್ಲಿ ನಾನೂ ಒಬ್ಬ.

ಮಾರ್ಚ್ ಕೊನೆಯ ಭಾನುವಾರ. ಹುಬ್ಬಳ್ಳಿಯಿಂದ ಬೆಳಿಗ್ಗೆ ಐದಕ್ಕೇ ಹೊರಟು, ಹಾವೇರಿ ದಾಟಿ, ಹೊಳೆ ದಂಡೆಯ ಒಂದು ಊರಿಗೆ ಹೋದೆವು. (ಊರಿನ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಮುಂದಿನ ಭಾನುವಾರ ಇನ್ನೂ ಹತ್ತು ಗಾಡಿ ಅಲ್ಲಿ ಇಳಿದಿರುತ್ತವೆ.) ಉಸುಕು ಎತ್ತುವ ಟಿಪ್ಪರ್‌ಗಳು ಮಾಡಿಟ್ಟ ದಾರಿ ಇತ್ತು, ಅದರಲ್ಲೇ ನಮ್ಮ ಜೀಪೂ ಇಳಿಯಿತು. ನೀರು ಒಂದು ಮಗ್ಗುಲಿಗೆ ಸರಿದಿತ್ತು, ಎದುರಿಗೆ ಬಯಲಿನಷ್ಟು ಬಿಳಿ ಉಸುಕು. ನಾಲ್ಕು ಸುತ್ತು ಹೊಡೆದೆವು. ತಲೆಯ ಮೇಲೆ ಹತ್ತಿಪ್ಪತ್ತು ಹಕ್ಕಿ ಕಿರುಚುತ್ತಾ ಸುತ್ತುತ್ತಿದ್ದವು, ನಮ್ಮಲ್ಲೊಬ್ಬ ‘ನಮ್ಮನ್ನ ಸ್ವಾಗತ ಮಾಡ್ತಿವೆ’ ಅಂದ, ಎಲ್ಲರೂ ನಕ್ಕೆವು. ಅಷ್ಟರಲ್ಲಿ ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಹಿರಿಯರೊಬ್ಬರು ದೂರದಿಂದಲೇ ಕೂಗಿದರು. “ಏ ತಮ್ಮಾ, ಗಾಡಿ ನಿಲ್ಲಸ್ರೋ, ಅಲ್ಲಿ ತತ್ತಿ ಅದಾವು!”

ಇಳಿದು ಹುಡುಕಿದರೂ ನಮಗೆ ಏನೂ ಕಾಣಲಿಲ್ಲ. ಅವರೇ ಬಂದು ಬೆರಳು ಮಾಡಿ ತೋರಿಸಬೇಕಾಯಿತು. ಗೂಡು ಅಂತ ಏನೂ ಇಲ್ಲ. ಅಂಗೈ ಅಗಲದ ತಗ್ಗು, ಅದರಲ್ಲಿ ಮೂರು ತತ್ತಿ, ಉಸುಕಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ನಮ್ಮ ಟೈರಿನ ಗುರುತಿಗೂ ಅದಕ್ಕೂ ಒಂದು ಗೇಣು. ಇನ್ನೊಂದು ಕಡೆ ಗೇಣೂ ಇರಲಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಆ ಹಕ್ಕಿಯ ಹೆಸರು ನದಿ ರೀವ. ಹಳದಿ ಕೊಕ್ಕು, ಕರಿ ಟೊಪ್ಪಿಗೆ ಹಾಕಿದಂಥ ತಲೆ, ಕೆಂಪು ಕಾಲು, ಕತ್ತರಿಯಂಥ ಬಾಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ಭಯ ಇರುವ ಹಕ್ಕಿಗಳ ಸಾಲಿನಲ್ಲಿದೆ. ಗಿಡದ ಮೇಲೆ, ಹೊಲದ ಬದುವಿನಲ್ಲಿ ಅದು ತತ್ತಿ ಇಡುವುದಿಲ್ಲ. ಅದಕ್ಕೆ ಬೇಕಾದದ್ದು ಸುತ್ತ ನೀರು ಇರುವ ಬೋಳು ನೆಲ. ನಾಯಿ, ನರಿ ದಾಟಿ ಬರಬಾರದು, ಬಂದರೆ ದೂರದಿಂದಲೇ ಕಾಣಬೇಕು. ಅಂಥ ಜಾಗ ನಮ್ಮ ಹೊಳೆಯಲ್ಲಿ ಮೇಲೇಳುವುದು ನೀರು ಇಳಿದ ಮೇಲೆ, ಅಂದರೆ ಸುಮಾರು ಫೆಬ್ರುವರಿಯಿಂದ ಮೇ ವರೆಗೆ. ನಮಗೂ ಹೊಳೆಗೆ ಹೋಗಬೇಕು ಅನಿಸುವುದು ಆಗಲೇ. ಜಗಳ ಇರುವುದು ಇಲ್ಲೇ.

ಅದೊಂದೇ ಅಲ್ಲ. ದಂಡೆಯ ಬೇರೆ ಸಣ್ಣ ಹಕ್ಕಿಗಳೂ ಅದೇ ಉಸುಕು, ಬೆಣಚುಕಲ್ಲಿನ ನಡುವೆ ತತ್ತಿ ಇಡುತ್ತವೆ. ಮೊಸಳೆ ದಂಡೆಯ ಉಸುಕು ತೋಡಿ ಹೂತಿಡುತ್ತದೆ. ತುಂಗಭದ್ರೆಯಲ್ಲಿ ಮೃದು ಚಿಪ್ಪಿನ ಒಂದು ಆಮೆ ಇದೆ, ಲೀತ್ ಆಮೆ ಅನ್ನುತ್ತಾರೆ, ದಕ್ಷಿಣದ ನದಿಗಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು, ಅದೂ ಮುಗಿಯುವ ಹಂತಕ್ಕೆ ಬಂದಿದೆ. ಇಂಥ ಉಸುಕಿನ ಮೇಲೆ ನಾವು ಚಹಾದ ಕಪ್ಪು ಇಟ್ಟುಕೊಂಡು ಕೂತಿದ್ದೆವು.

‘ನಾವು ತುಳಿಯಲ್ಲ, ನೋಡಿಕೊಂಡೇ ಓಡಾಡ್ತೀವಿ’ ಅಂತ ನನ್ನ ಗೆಳೆಯರು ಹೇಳುತ್ತಾರೆ. ತುಳಿಯದೇನೇ ಸಾಯಿಸಬಹುದು ಅಂತ ನನಗೂ ಆಮೇಲೆ ಗೊತ್ತಾಯಿತು. ಏಪ್ರಿಲ್ ಮಧ್ಯಾಹ್ನ ಆ ಉಸುಕಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ತಾಯಿ ಹಕ್ಕಿ ಅಲ್ಲಿ ಕೂರುವುದು ಕಾವು ಕೊಡೋಕೆ ಅನ್ನುವುದಕ್ಕಿಂತ ನೆರಳು ಕೊಡೋಕೆ. ಹೊಳೆಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿ ತಂಪು ಮಾಡುತ್ತದೆ. ನಾವು ಅಲ್ಲೇ ಹತ್ತಿರ ಟೆಂಟ್ ಹಾಕಿ, ಸ್ಪೀಕರ್ ಹಚ್ಚಿ, ಒಂದು ತಾಸು ಕೂತರೆ ಅದು ಮೇಲೆ ಕೂಗುತ್ತಾ ಸುತ್ತುತ್ತದೆ, ಕೆಳಗೆ ತತ್ತಿ ಬೇಯುತ್ತದೆ. ಮರಿ ಹೊರಬಂದಿದ್ದರೆ ಇನ್ನೂ ಕಷ್ಟ. ಅಪಾಯ ಅನಿಸಿದಾಗ ಮರಿ ಓಡುವುದಿಲ್ಲ, ಇದ್ದಲ್ಲೇ ಮುದುರಿ ಕೂತುಬಿಡುತ್ತದೆ. ಅಡಗಲು ಅದಕ್ಕೆ ಸಿಗುವ ತಗ್ಗು ಯಾವುದು? ಟೈರಿನ ಗುರುತು. ಅದೇ ಗುರುತಿನಲ್ಲಿ ಎರಡನೇ ಗಾಡಿ ಬರುತ್ತದೆ. ಇನ್ನು ನಾವು ಎಸೆದ ಅನ್ನ, ಚಿಕನ್ ಎಲುಬಿಗೆ ಕಾಗೆ ಬರುತ್ತವೆ, ನಾಯಿ ಬರುತ್ತವೆ. ಊಟ ಮುಗಿದ ಮೇಲೆ ಅವು ಸುಮ್ನೆ ಮನೆಗೆ ಹೋಗುತ್ತವಾ?

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ‘ಟಿಪ್ಪರ್ ತುಂಬಾ ಉಸುಕು ಹೊತ್ತೊಯ್ಯುವವರನ್ನ ಬಿಟ್ಟು, ವಾರಕ್ಕೊಮ್ಮೆ ಹೋಗೋ ನಮ್ಮನ್ನ ಹಿಡಿದಿರಲ್ಲ.’ ಖರೇನೇ. ದೊಡ್ಡ ಹಾನಿ ಅದೇ. ನಮ್ಮ ಮನೆಯ ಗೋಡೆಯಲ್ಲೂ ಇದೇ ಹೊಳೆಯ ಉಸುಕು ಇದೆ, ಸುಳ್ಳು ಹೇಳಿ ಏನು ಬಂತು. ಆದರೆ ಲೆಕ್ಕ ಹೀಗೂ ನೋಡಿ. ಉಸುಕು ಮಲೆನಾಡಿನಿಂದ ಮಳೆಗಾಲದ ನೀರಿನಲ್ಲಿ ಬರಬೇಕು, ಅದರಲ್ಲಿ ಒಂದಷ್ಟು ಮೇಲೆ ಗಾಜನೂರಿನ ತುಂಗಾ, ಲಕ್ಕವಳ್ಳಿಯ ಭದ್ರಾ ಡ್ಯಾಮುಗಳ ಹಿಂದೆಯೇ ನಿಂತುಬಿಡುತ್ತದೆ. ಕೆಳಗೆ ಬ್ಯಾರೇಜಿನ ಹಿನ್ನೀರು ನಿಂತ ಕಡೆ ಇದ್ದದ್ದೂ ಮುಳುಗಿರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಅಂತ ಭದ್ರೆಯಿಂದ ನೀರು ಬಿಟ್ಟಾಗ ತಗ್ಗಿನಲ್ಲಿದ್ದ ಗೂಡು ಕೊಚ್ಚಿ ಹೋಗುತ್ತವೆ. ಗದಗ-ಬೆಟಗೇರಿಯವರು ಕುಡಿಯುವುದು ಇದೇ ಹೊಳೆಯ ನೀರು, ಅದಕ್ಕೆ ಯಾರು ತಕರಾರು ಮಾಡುತ್ತಾರೆ? ಇಷ್ಟೆಲ್ಲ ಕಳೆದು ಉಳಿಯುವುದು ನಾಲ್ಕಾರು ದಿಬ್ಬ. ಟಿಪ್ಪರ್ ನಿಲ್ಲಿಸೋದು ನನ್ನ ಕೈಯಲ್ಲಿ ಇಲ್ಲ. ನನ್ನ ಜೀಪಿನ ಕೀಲಿ ನನ್ನ ಕೈಯಲ್ಲೇ ಇದೆ.

ಹೊಳೆಗೆ ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಹಾಗೆ ಹೇಳಿದರೆ ನಮ್ಮ ಅವ್ವನೇ ಕೇಳುವುದಿಲ್ಲ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ಹೊಳೆಗೆ ಹೋಗಿ ಮಿಂದು ದಂಡೆಯಲ್ಲಿ ಕೂತು ಉಣ್ಣುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಅದು ಜನವರಿ. ಕೂರುವುದು ದಂಡೆಯ ಗಿಡದ ನೆರಳಿನಲ್ಲಿ. ಹಕ್ಕಿಗೂ ನಮಗೂ ಅಡ್ಡ ಬರುವುದಿಲ್ಲ. ಬೇಸಿಗೆಯಲ್ಲೂ ಗಳಗನಾಥಕ್ಕೆ ಹೋಗಿ, ವರದಾ ಬಂದು ತುಂಗಭದ್ರೆ ಸೇರುವುದನ್ನು ಗುಡಿಯ ಬಳಿಯಿಂದ ನೋಡಿ. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಹತ್ತಿರ ನಿಂತರೆ ಹೊಳೆ ಸಂಜೆ ಬಿಸಿಲಿಗೆ ಹೇಗೆ ಕಾಣುತ್ತದೆ ಅಂದರೆ ಡ್ರೋನ್ ಬೇಕೇ ಆಗಲ್ಲ. (ಡ್ರೋನ್ ಅಂದೆನಲ್ಲ, ಅದನ್ನು ಹದ್ದು ಅಂದುಕೊಂಡು ಇಡೀ ಹಿಂಡು ಎದ್ದು ಬಿಡುತ್ತದೆ. ರೀಲ್ಸ್ ಮಾಡುವ ತಮ್ಮಂದಿರು ಗಮನಿಸಿ.) ನಡುಗಡ್ಡೆಯ ಉಸುಕಿಗೆ ಮಾತ್ರ ಆ ನಾಲ್ಕು ತಿಂಗಳು ಗಾಡಿಯೂ ಬೇಡ, ಟೆಂಟೂ ಬೇಡ. ಗೊತ್ತಿಲ್ಲದೇ ಕಾಲಿಟ್ಟಿರಿ, ಹಕ್ಕಿ ಎದ್ದು ಕಿರುಚಲು ಶುರು ಮಾಡಿತು ಅಂದ್ರೆ ಅದು ಸ್ವಾಗತ ಅಲ್ಲ. ಬಂದ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ವಾಪಸ್ ಬನ್ನಿ.

ದಂಡೆಯ ಊರುಗಳ ಪಂಚಾಯಿತಿಯವರಿಗೂ ಒಂದು ಮಾತು. ಬೇಲಿ, ಗೇಟು, ದೊಡ್ಡ ಯೋಜನೆ ಏನೂ ಬೇಡ. ಗಾಡಿ ಇಳಿಯುವ ದಾರಿಗೆ ಫೆಬ್ರುವರಿಯಲ್ಲಿ ನಾಲ್ಕು ಬಂಡೆಗಲ್ಲು ಅಡ್ಡ ಇಡಿ, ಪಕ್ಕಕ್ಕೆ ಕನ್ನಡದಲ್ಲಿ ಒಂದು ಬೋರ್ಡು ಹಾಕಿ, ಸಾಕು. ಎಲ್ಲಿ ತತ್ತಿ ಇವೆ ಅಂತ ಮೀನು ಹಿಡಿಯುವವರಿಗೆ, ಹರಿಗೋಲು ನಡೆಸುವವರಿಗೆ ಗೊತ್ತೇ ಇರುತ್ತದೆ. ಅವರು ನಮ್ಮನ್ನು ದೂರದಿಂದ ಒಂದು ಸುತ್ತು ಹಾಕಿಸಿ ತೋರಿಸಲಿ, ನಾವು ದುಡ್ಡು ಕೊಡೋಣ. ಪೆಟ್ರೋಲಿಗೆ ಎರಡು ಸಾವಿರ ಹಾಕಿಸುವಾಗ ಇಲ್ಲದ ಲೆಕ್ಕ ಇದಕ್ಕೆ ಯಾಕೆ?

ಇದು ಆಗದ ಮಾತೇನಲ್ಲ. ಇದೇ ನದಿ ರೀವಕ್ಕಾಗಿ ಜನ ಲಕ್ಕವಳ್ಳಿಗೆ ಹೋಗುತ್ತಾರೆ, ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಅವು ದೊಡ್ಡ ಹಿಂಡಾಗಿ ಮರಿ ಮಾಡುತ್ತವೆ, ಅಲ್ಲಿನ ಸರ್ಕಾರಿ ಲಾಡ್ಜಿಗೆ ಆ ಹಕ್ಕಿಯದೇ ಹೆಸರು ಇಟ್ಟಿದ್ದಾರೆ. ಅಲ್ಲಿ ದುಡ್ಡು ಕೊಟ್ಟು ದೋಣಿಯಿಂದ ನೋಡುತ್ತೇವೆ, ಇಲ್ಲಿ ಪುಕ್ಕಟೆ ಗಾಡಿ ಹತ್ತಿಸುತ್ತೇವೆ! ಹೊಸಪೇಟೆ ಕಡೆ ಇದೇ ಹೊಳೆಯ 34 ಕಿಲೋಮೀಟರ್ ಭಾಗವನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಮಾಡಿದರು. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತು ಬಂದಾಗ ಯಾರೂ ಕೆರೆಯೊಳಗೆ ಬೈಕ್ ಇಳಿಸುವುದಿಲ್ಲ. ಏರಿಯ ಮೇಲೆ ನಿಂತು ನೋಡುತ್ತಾರೆ. ನೋಡಿದ ಖುಷಿ ಏನು ಕಡಿಮೆ ಆಯಿತು?

ಸಂಪಾದಕರೇ, ಮುಂದಿನ ಸಲ ಹೊಳೆಯ ಫೋಟೋ ಹಾಕುವಾಗ ಕೆಳಗೆ ಒಂದೇ ಸಾಲು ಸೇರಿಸಿ: ಫೆಬ್ರುವರಿಯಿಂದ ಮೇ ವರೆಗೆ ಉಸುಕಿಗೆ ಗಾಡಿ ಇಳಿಸಬೇಡಿ. ಆ ಜೀಪಿನ ಫೋಟೋ ಮಾತ್ರ ಬೇಡ.

ಆ ಹಿರಿಯರ ಊರಿಗೆ ನಾವು ಈಗಲೂ ಹೋಗುತ್ತೇವೆ. ಜೀಪು ಊರೊಳಗೆ ಬೇವಿನ ಗಿಡದ ಕೆಳಗೆ ನಿಲ್ಲುತ್ತದೆ. ಹೋದ ಏಪ್ರಿಲ್‌ನಲ್ಲಿ ದಂಡೆಯ ಮೇಲೆ ಕೂತು ದುರ್ಬೀನು ಹಿಡಿದು ಎಣಿಸಿದೆ. ತತ್ತಿಯ ಮೇಲೆ ಕೂತ ಹಕ್ಕಿ ಹನ್ನೊಂದು. ಹಿರಿಯರು ಬರಿಗಣ್ಣಲ್ಲೇ ಒಮ್ಮೆ ನೋಡಿ, “ಹದಿಮೂರು ಅದಾವು, ಸರಿಯಾಗಿ ಎಣಸು” ಅಂದರು. ಮತ್ತೆ ಎಣಿಸಿದೆ. ಹದಿಮೂರೇ ಇದ್ದವು.

ಇಂತಿ,
ನಿಮ್ಮ ಓದುಗ, ವಿದ್ಯಾನಗರ, ಹುಬ್ಬಳ್ಳಿ