ಬಳಸುವವರಿಗೆ ಒಗ್ಗುವ ಬೀಗ ಬೇಕು

ಮಾನ್ಯ ಸಂಪಾದಕರೇ,

ಕಳವಾದ ಮರುದಿನವೇ ವಸತಿ ಸಮುಚ್ಚಯಗಳಲ್ಲಿ ಕ್ಯಾಮೆರಾ ಏರುತ್ತದೆ, ಬಾಗಿಲಿಗೆ ಇನ್ನೊಂದು ಬೀಗ ಬೀಳುತ್ತದೆ. ಕೆಲವೇ ದಿನಗಳಲ್ಲಿ ಅದೇ ಬಾಗಿಲು ಹಗಲಿಡೀ ಹಾರುಹೊಡೆದಿರುತ್ತದೆ. ಇದನ್ನು ನಿವಾಸಿಗಳ ಅಸಡ್ಡೆ ಎಂದು ಬೈಯುವುದು ಸುಲಭ. ಆದರೆ ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇದ್ದವರು ದಿನಕ್ಕೆ ಹತ್ತು ಸಲ ದಾಟುವ ಬಾಗಿಲಿಗೆ ಎಂಥ ಬೀಗ ಎಂದು ಯೋಚಿಸದವರ ತಪ್ಪೇ ಹೆಚ್ಚು.

ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನೇ ನೋಡಿ. ಅದನ್ನು ಮುಚ್ಚಿಸುವ ಡೋರ್ ಕ್ಲೋಸರ್‌ನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ: ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯ ಗೇಣಿನಲ್ಲಿ ಲ್ಯಾಚ್ (ಬೀಗದ ನಾಲಿಗೆ) ಕೂರುವ ವೇಗಕ್ಕೆ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಎರಡನೆಯದನ್ನು ಕಾಲು ಸುತ್ತು ಸಡಿಲಿಸಿದರೆ ಸಾಕಾಗಬಹುದು. ಪೂರ್ತಿ ಬಿಚ್ಚಬಾರದು, ಒಳಗಿನ ಎಣ್ಣೆ ಸೋರಿ ಕ್ಲೋಸರ್ ಕೆಲಸಕ್ಕೆ ಬಾರದಂತಾಗುತ್ತದೆ. ಬಾಗಿಲು ಜೋತುಬಿದ್ದು ಲ್ಯಾಚ್ ತೂತಿಗೆ ನೇರವಾಗಿ ಸಿಗದಿದ್ದರೆ ಹಿಂಜ್ ಬಿಗಿ ಮಾಡಬೇಕು. ಇದೆಲ್ಲ ಬಿಟ್ಟು ಸ್ಪ್ರಿಂಗನ್ನೇ ಬಿಗಿ ಮಾಡಿಬಿಡುತ್ತಾರೆ. ವಯಸ್ಸಾದವರಿಗೆ ತಳ್ಳಲಾಗುವುದಿಲ್ಲ, ಯಾರೋ ಒಂದು ಇಟ್ಟಿಗೆ ಅಡ್ಡ ಇಡುತ್ತಾರೆ. ಅಲ್ಲಿಗೆ ಬೀಗದ ಕಥೆ ಮುಗಿಯಿತು. ಅಂದಹಾಗೆ, ಹೊರಹೋಗುವ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಲೇಬೇಕು. ಬೆಂಕಿ ಬಿದ್ದಾಗ ಕೀಲಿ ಹುಡುಕುತ್ತ ಕೂರಲಾಗದು.

ದುಬಾರಿ ಬೀಗ ತಂದು, ಚೌಕಟ್ಟಿನಲ್ಲಿ ಬೀಗದ ನಾಲಿಗೆ ಕೂರುವ ತಗಡಿಗೆ ಮುಕ್ಕಾಲು ಇಂಚಿನ ಸ್ಕ್ರೂ ಹೊಡೆಯುವವರೂ ಇದ್ದಾರೆ. ಒದ್ದಾಗ ಬೀಗ ಮುರಿಯುವುದಕ್ಕಿಂತ ಮರ ಸೀಳುವುದೇ ಹೆಚ್ಚು. ಮರದ ಆಳಕ್ಕಿಳಿಯುವ 3 ಇಂಚಿನ ಸ್ಕ್ರೂ ಹಾಕಿದರೆ ಯಾರ ದಿನಚರಿಗೂ ತೊಂದರೆಯಿಲ್ಲ, ಬಾಗಿಲು ಮಾತ್ರ ಗಟ್ಟಿಯಾಗುತ್ತದೆ.

ಕ್ಯಾಮೆರಾವನ್ನು ತೀರಾ ಎತ್ತರದಲ್ಲಿ ಕೂರಿಸಿದರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಬರುವವರ ಬೆನ್ನಿಗೆ ಬಿಸಿಲಿದ್ದರೆ ಕರಿ ನೆರಳಷ್ಟೇ ಸಿಗುತ್ತದೆ. ರೆಕಾರ್ಡರಿನ ಗಡಿಯಾರ ಸರಿಯಿದೆಯೇ, ಎಷ್ಟು ದಿನಕ್ಕೆ ಹಳೆಯ ದೃಶ್ಯ ಅಳಿಯುತ್ತದೆ ಎಂದು ಕೇಳುವವರು ಕಡಿಮೆ.

ವಿನ್ಯಾಸದಿಂದಲೇ ಅಪರಾಧ ತಡೆಯಬಹುದೆಂದು ಅಪರಾಧಶಾಸ್ತ್ರಜ್ಞ ಸಿ. ರೇ ಜೆಫ್ರಿ 1971ರಲ್ಲೇ ವಾದಿಸಿದ್ದರು. ವಸತಿ ಸಮುಚ್ಚಯಗಳ ಸಮಿತಿಗಳು ಇನ್ನೂ ಬೀಗದಂಗಡಿಯಲ್ಲೇ ನಿಂತಿವೆ. ಅಡಗಲು ಮರೆ ಸಿಗದಂತೆ ದಾರಿಬದಿಯ ಪೊದೆ 3 ಅಡಿ ಮೀರದಿರಲಿ, ಕೊಂಬೆಗಳು 6–7 ಅಡಿಗಿಂತ ಕೆಳಗೆ ಇಳಿಯದಿರಲಿ. ಕಣ್ಣು ಕುಕ್ಕುವ ಒಂದೇ ದೀಪದ ಆಚೆ ಗವ್ವೆನ್ನುವ ಕತ್ತಲಿರುತ್ತದೆ. ಅದರ ಬದಲು ಸಣ್ಣ ದೀಪಗಳನ್ನು ಸಮನಾಗಿ ಹಂಚಿ.

ಸಮಿತಿಯವರು ಖರೀದಿಗೆ ಮೊದಲು ಒಂದು ವಾರ ಯಾರು, ಯಾವ ಹೊತ್ತಿಗೆ, ಕೈಯಲ್ಲಿ ಏನು ಹಿಡಿದು ಬಾಗಿಲು ದಾಟುತ್ತಾರೆ ಎಂದು ಬರೆದಿಡಲಿ. ಅಳವಡಿಸಿ ತಿಂಗಳಾದ ಮೇಲೆ ಲ್ಯಾಚಿಗೆ ಟೇಪ್ ಅಂಟಿಸಿದ್ದು ಕಂಡರೆ, ಎಚ್ಚರಿಕೆಯ ಫಲಕ ತೂಗುಹಾಕುವ ಮೊದಲು ಆ ಬಾಗಿಲನ್ನು ಸರಿಪಡಿಸಲಿ.

ಇಂತಿ,
ಓರ್ವ ಓದುಗ