ನರ್ಸಿಂಗ್ ಕಾಲೇಜಿಗೆ ಸೇರಿಸುವ ಮೊದಲು ವಾರ್ಡ್ ನೋಡಿ

ಮಾನ್ಯ ಸಂಪಾದಕರೇ,

ಹನ್ನೆರಡನೇ ತರಗತಿಯ ಫಲಿತಾಂಶ ಬಂದೊಡನೆ ಮುಂಬಯಿಯ ನಮ್ಮ ಕನ್ನಡ ಸಂಘಗಳೂ ಸಮಾಜದ ಸಂಸ್ಥೆಗಳೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆಯುತ್ತವೆ. ಅರ್ಜಿ ಹಾಕುವವರಲ್ಲಿ ನರ್ಸಿಂಗ್ ಓದಬಯಸುವ ಹುಡುಗಿಯರೂ, ಈಚೆಗೆ ಹುಡುಗರೂ ಇರುವುದು ಸಂತೋಷದ ಸಂಗತಿ. ಈ ಮಕ್ಕಳ ತಂದೆತಾಯಂದಿರು ಸಲಹೆಗೆಂದು ನನ್ನಂಥ ನಿವೃತ್ತ ನರ್ಸಿಂಗ್ ಬೋಧಕರ ಬಳಿ ಬಂದಾಗ ಕೇಳುವುದು ಮುಖ್ಯವಾಗಿ ಎರಡು ವಿಷಯ: ಶುಲ್ಕ ಎಷ್ಟು, ಹಾಸ್ಟೆಲ್ ಇದೆಯೇ. ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆ ಯಾವುದು, ಅದರ ಹಾಸಿಗೆಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ವಾರ್ಡಿನಲ್ಲಿ ವಿದ್ಯಾರ್ಥಿಗಳ ಜೊತೆ ಬೋಧಕರು ನಿಲ್ಲುತ್ತಾರೆಯೇ ಎಂದು ವಿಚಾರಿಸುವವರು ತೀರ ವಿರಳ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ರೋಗಿಯ ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಮೊದಲ ವರ್ಷದಲ್ಲೇ ಪಾಠವಾಗುತ್ತದೆ. ತನ್ನ ಉಸಿರನ್ನು ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುವುದರಿಂದ, ನಾಡಿ ನೋಡುವವರಂತೆ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡೇ ಎದೆಯ ಏರಿಳಿತವನ್ನು ಗಮನಿಸಬೇಕು. ಆದರೆ ಎಷ್ಟೋ ವಾರ್ಡುಗಳ ಚಾರ್ಟ್ ತೆಗೆದು ನೋಡಿದರೆ ಮೇಲಿಂದ ಕೆಳಗಿನವರೆಗೆ ಎಲ್ಲರ ಉಸಿರೂ ನಿಮಿಷಕ್ಕೆ 20. ನ್ಯುಮೋನಿಯಾದವರಿಗೂ ಅಷ್ಟೇ, ನಾಳೆ ಡಿಸ್ಚಾರ್ಜ್ ಆಗುವವರಿಗೂ ಅಷ್ಟೇ. ರೋಗಿಯ ಸ್ಥಿತಿ ಬಿಗಡಾಯಿಸುವ ಮುನ್ನ ಬಹಳಷ್ಟು ಸಲ ರಕ್ತದೊತ್ತಡಕ್ಕಿಂತ ಮೊದಲು ಏರುಪೇರಾಗುವುದು ಉಸಿರಾಟವೇ ಆದ್ದರಿಂದ, ಈ ಸುಳ್ಳು 20 ಕೇವಲ ಬರವಣಿಗೆಯ ಸೋಮಾರಿತನವಲ್ಲ. ಹೀಗೆ ಬರೆಯುವ ಹುಡುಗಿ ಪರೀಕ್ಷೆಯಲ್ಲಿ ಸರಿಯುತ್ತರವನ್ನೇ ಬರೆದಿರುತ್ತಾಳೆ. ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು, ‘ಇನ್ನೊಮ್ಮೆ ಎಣಿಸು’ ಎಂದು ಹೇಳುವವರು ಅವಳಿಗೆ ಸಿಕ್ಕಿರುವುದಿಲ್ಲ.

ನಿಯಮಗಳಿಗೇನೂ ಕೊರತೆಯಿಲ್ಲ. ಬಿ.ಎಸ್ಸಿ. ನರ್ಸಿಂಗ್ ನಡೆಸುವ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಪೇರೆಂಟ್ ಆಸ್ಪತ್ರೆ (ಕಾಲೇಜಿಗೆ ಹೊಂದಿಕೊಂಡ ಆಸ್ಪತ್ರೆ) ಇರಬೇಕು, 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು ಎಂದು ಭಾರತೀಯ ಶುಶ್ರೂಷಾ ಪರಿಷತ್ತು ವಿಧಿಸಿದೆ. 2021-22ರಿಂದ ನಾಲ್ಕು ವರ್ಷದ ಕೋರ್ಸು ಸೆಮಿಸ್ಟರ್ ಪದ್ಧತಿಗೆ ಬಂದು, ಕೌಶಲ ಪ್ರಯೋಗಾಲಯಕ್ಕೆ ಮಹತ್ವ ಹೆಚ್ಚಿದೆ. 1947ರ ಪರಿಷತ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಗೂ 2023ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆತಿದೆ. ಪ್ರಯೋಗಾಲಯದ ಗೊಂಬೆಯ ಮೇಲೆ ಇಂಜೆಕ್ಷನ್, ಕ್ಯಾಥೆಟರ್, ಸಿಪಿಆರ್ ಎಲ್ಲವನ್ನೂ ಅಭ್ಯಾಸ ಮಾಡುವುದು ಒಳ್ಳೆಯದೇ. ರೋಗಿಯ ಮೇಲೆ ಕೈ ಪಳಗಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಗೊಂಬೆಗೆ ನಾಚಿಕೆಯಿಲ್ಲ, ನೋವಿಲ್ಲ, ಜೊತೆಯಲ್ಲಿ ಗಾಬರಿಗೊಂಡ ಮಗನಿಲ್ಲ. ಕಲಬುರಗಿ, ವಿಜಯಪುರಗಳ ಕಡೆಯಿಂದ ಕೂಲಿಗೆ ಬಂದು ಇಲ್ಲಿನ ಪಾಲಿಕೆ ಆಸ್ಪತ್ರೆಯಲ್ಲಿ ಮಲಗಿರುವ ಹೆಂಗಸಿನಿಂದ, ಮೂತ್ರ ಯಾವಾಗಿನಿಂದ ಕಟ್ಟಿದೆ ಎಂಬುದನ್ನು ಪರದೆ ಎಳೆದು ಮೆಲ್ಲಗೆ ಕೇಳಿ ತಿಳಿಯುವ ಜಾಣ್ಮೆ ವಾರ್ಡಿನಲ್ಲೇ ಬರಬೇಕು.

ಪರೇಲಿನ ಕೆಇಎಂ ಆಸ್ಪತ್ರೆಯ ಅರುಣಾ ಶಾನಭಾಗರನ್ನು ಮುಂಬಯಿ ಕನ್ನಡಿಗರು ಮರೆತಿರಲಾರರು. ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದ ಅವರು 1973ರ ನವೆಂಬರಿನಲ್ಲಿ ಆಸ್ಪತ್ರೆಯಲ್ಲೇ ಕ್ರೂರ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ನರ್ಸುಗಳ ಆರೈಕೆಯಲ್ಲಿದ್ದರು. ದಶಕಗಳ ಕಾಲ ಹಾಸಿಗೆ ಹಿಡಿದಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗಗೊಡಲಿಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗ ಎಲ್ಲರೂ ಆ ನರ್ಸುಗಳ ತ್ಯಾಗವನ್ನು, ಮಮತೆಯನ್ನು ಹೊಗಳಿದರು. ಅದು ಸಲ್ಲತಕ್ಕ ಹೊಗಳಿಕೆಯೇ, ಆದರೂ ಅದರಲ್ಲಿದ್ದ ವಿದ್ಯೆ ಯಾರ ಕಣ್ಣಿಗೂ ಬಿದ್ದಂತೆ ಕಾಣಲಿಲ್ಲ ಎಂಬ ಬೇಸರ ನನಗೆ ಉಳಿದಿದೆ. ಏಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸುವಾಗ ಎಳೆಯದೆ ಎತ್ತಬೇಕು, ಇಲ್ಲವಾದರೆ ಹಾಸಿಗೆ ಬಟ್ಟೆಯ ತಿಕ್ಕಾಟಕ್ಕೇ ಚರ್ಮ ಸುಲಿಯುತ್ತದೆ. ಬೆನ್ನ ಬುಡ, ಹಿಮ್ಮಡಿ, ಸೊಂಟದ ಎಲುಬು ಒತ್ತುವಲ್ಲಿ ಕೆಂಪಾಗಿದೆಯೇ ಎಂದು ನೋಡಬೇಕು, ಬೆರಳಿನಿಂದ ಒತ್ತಿದಾಗ ಆ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಯಿತೆಂದೇ ಎಣಿಸಬೇಕು. ಒಂದು ಪಾಳಿಯವರು ಇಷ್ಟನ್ನು ಮಾಡಿ ಇನ್ನೊಂದು ಪಾಳಿಯವರು ಬಿಟ್ಟರೆ ಫಲವಿಲ್ಲ. ಬರಿಯ ಮಮತೆಯಿಂದ ಇದು ಸಾಧ್ಯವಿದ್ದಿದ್ದರೆ ಮನೆಯಲ್ಲೇ ಮಲಗಿರುವ ನಮ್ಮ ಹಿರಿಯರಲ್ಲಿ ಯಾರಿಗೂ ಹಾಸಿಗೆ ಹುಣ್ಣು ಆಗುತ್ತಿರಲಿಲ್ಲ.

ಕಲಿತದ್ದನ್ನು ಮಾಡಲು ಕೆಲಸದ ಜಾಗದಲ್ಲಿ ಅವಕಾಶವೂ ಬೇಕೆಂಬುದನ್ನು ಒಪ್ಪುತ್ತೇನೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಪರಿಷತ್ತಿನ ಅಳತೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳ ತಲೆಗೆ ಕಟ್ಟಿ, ಉಸಿರು ಎಣಿಸಲಿಲ್ಲವೇಕೆ ಎಂದು ಅವಳನ್ನೇ ಗದರಿಸುವುದು ನ್ಯಾಯವಲ್ಲ. ಖಾಸಗಿ ಆಸ್ಪತ್ರೆಗಳ ವೇತನದ ಬಗ್ಗೆ 2016ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತ್ತು. ಅದನ್ನು ಪಾಲಿಸದವರು ನಮ್ಮ ಉಪನಗರಗಳಲ್ಲೇ ಇದ್ದಾರೆ.

ಸರಕಾರವನ್ನು ಎಚ್ಚರಿಸುವುದು ದೊಡ್ಡ ಸಂಘಟನೆಗಳ ಕೆಲಸ. ನಮ್ಮ ಸಂಘಗಳಿಂದ ಆಗಬಹುದಾದದ್ದು ಇಷ್ಟು: ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಂಕಪಟ್ಟಿಯ ಜೊತೆಗೆ ಕಾಲೇಜಿನ ಪೇರೆಂಟ್ ಆಸ್ಪತ್ರೆಯ ಹೆಸರು, ಹಾಸಿಗೆಗಳ ಸಂಖ್ಯೆ, ಕಾಲೇಜಿನಿಂದ ಅದು ಇರುವ ದೂರ, ವಾರ್ಡಿಗೆ ಬರುವ ಬೋಧಕರ ಸಂಖ್ಯೆ ಇವುಗಳನ್ನು ಕೇಳಬೇಕು, ಎರಡನೇ ವರ್ಷದ ಕಂತು ಕೊಡುವ ಮೊದಲು ವಿದ್ಯಾರ್ಥಿಯ ಕ್ಲಿನಿಕಲ್ ದಾಖಲೆ ಪುಸ್ತಕವನ್ನು ತರಿಸಿ ಓದಬೇಕು. ಅದನ್ನು ಓದಬಲ್ಲ ನಿವೃತ್ತ ಕನ್ನಡಿಗ ನರ್ಸುಗಳು ಡೊಂಬಿವಲಿಯಿಂದ ಮೀರಾ ರೋಡಿನವರೆಗೆ ಬೇಕಾದಷ್ಟು ಮಂದಿ ಇದ್ದೇವೆ, ಕರೆದರೆ ಬರುತ್ತೇವೆ.

ಇತಿ,
ಓರ್ವ ನಿವೃತ್ತ ಸಿಸ್ಟರ್ ಟ್ಯೂಟರ್
ಡೊಂಬಿವಲಿ ಪೂರ್ವ