ನಮ್ಮ ಕ್ಷೇತ್ರದಲ್ಲಿ ಹಿಮ ಬೀಳುವುದಿಲ್ಲ, ನಿಜ

ಮಾನ್ಯ ಸಂಸದರಿಗೆ ನಮಸ್ಕಾರ.

ಹಿಮಕುಸಿತದಲ್ಲಿ ಹೂತವರಿಗೆ ಉಸಿರಾಡಲು ನೆರವಾಗುವ ಸಾಧನವೊಂದರ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳಿ ಎಂದು ಬರೆಯುತ್ತಿರುವ ನಾಲ್ಕನೆಯ ಪತ್ರ ಇದು. ಮೊದಲ ಮೂರನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ್ದೆ. ರಸೀದಿಗಳು ಜೋಪಾನವಾಗಿವೆ, ಉತ್ತರ ಮಾತ್ರ ಬಂದಿಲ್ಲ. ಹೋದ ತಿಂಗಳು ಖುದ್ದಾಗಿ ನಿಮ್ಮ ಕಚೇರಿಗೆ ಬಂದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂರಿಸಿದ ನಿಮ್ಮ ಆಪ್ತ ಸಹಾಯಕರು ಕಾಗದದ ಮೇಲೆ ಕಣ್ಣಾಡಿಸಿ, ‘ಯಜಮಾನರೇ, ನಮ್ಮ ಕ್ಷೇತ್ರದಲ್ಲಿ ಹಿಮ ಬೀಳುತ್ತದೆಯೇ? ಬೋರ್‌ವೆಲ್, ರಸ್ತೆ ಏನಾದರೂ ಇದ್ದರೆ ಹೇಳಿ’ ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ.

ಬೀಳುವುದಿಲ್ಲ ಸ್ವಾಮಿ. ಬೀಳುವ ಕಡೆಗೆ ನಮ್ಮ ಮಕ್ಕಳನ್ನು ಕಳುಹಿಸುತ್ತೇವೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಮ್ ಠಾಣೆಯಲ್ಲಿ ಹಿಮಕುಸಿತದಡಿ ಹೂತುಹೋದ ಹತ್ತು ಯೋಧರಲ್ಲಿ ಮೂವರು ಕನ್ನಡಿಗರು. ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕರು, 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಎರಡು ಬಸ್ಸು ಬದಲಿಸಿ ನಾನೂ ಹೋಗಿದ್ದೆ. ಆ ದಿನ ಹಿಮ ಎಲ್ಲಿ ಬೀಳುತ್ತದೆಂದು ಯಾರೂ ಕೇಳಲಿಲ್ಲ.

ನಾನು ಸೇನೆಯಲ್ಲಿದ್ದವನು. ಗಸ್ತಿನಲ್ಲಿದ್ದಾಗ ಒಮ್ಮೆ ಹಿಮಕುಸಿತದಡಿ ಸಿಕ್ಕಿದ್ದೆ. ಹಗ್ಗದ ತುದಿ ಮೇಲೆ ಉಳಿದಿದ್ದರಿಂದ ಜೊತೆಯವರು ಅಗೆದು ತೆಗೆದರು. ಕೆಲವೇ ನಿಮಿಷ ಎಂದು ಆಮೇಲೆ ಹೇಳಿದರು. ಕೈ ಅಲ್ಲಾಡುತ್ತಿರಲಿಲ್ಲ. ಬಾಯಿಯ ಮುಂದೆ ನನ್ನದೇ ಉಸಿರು ಹೆಪ್ಪುಗಟ್ಟಿ ಗಾಜಿನ ಬಿಲ್ಲೆಯ ಹಾಗೆ ಕೂತಿತ್ತು. ಹಿಮದೊಳಗೆ ಗಾಳಿ ಧಾರಾಳವಾಗಿಯೇ ಇರುತ್ತದೆ. ಬಿಟ್ಟ ಉಸಿರು ಮುಖದ ಮುಂದೆಯೇ ನಿಂತು ಕೊಲ್ಲುತ್ತದೆ.

ಇದಕ್ಕೀಗ ಒಂದು ಉಪಾಯ ಬಂದಿದೆ. ಬೆನ್ನುಚೀಲದಲ್ಲಿ ಪುಟ್ಟ ಫ್ಯಾನು. ಬೆನ್ನ ಹಿಂದಿನ ಹಿಮದಿಂದ ಗಾಳಿಯೆಳೆದು ಮುಖದತ್ತ ಊದುತ್ತದೆ. ಆಮ್ಲಜನಕದ ಸಿಲಿಂಡರ್ ಬೇಡ, ಮುಖವಾಡವೂ ಬೇಡ. ಇಟಲಿಯ ಆಲ್ಪ್ಸ್‌ನಲ್ಲಿ 24 ಸ್ವಯಂಸೇವಕರನ್ನು ನಿಜವಾಗಿಯೇ ಹಿಮದಲ್ಲಿ ಹೂತು ಪರೀಕ್ಷಿಸಿದರು. ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಗಾಳಿ ಊದದ ನಕಲಿ ಸಾಧನ ಹೊತ್ತವರಲ್ಲಿ ಅರ್ಧದಷ್ಟು ಮಂದಿ ಆರೇಳು ನಿಮಿಷವೂ ತಾಳಲಿಲ್ಲ. ಅಸಲಿ ಸಾಧನ ಹೊತ್ತ ಬಹುತೇಕರು 35 ನಿಮಿಷವನ್ನು ಪೂರ್ತಿ ಕಳೆದರು. ಅಗೆಯುವವನಿಗೆ ಆ ಅರ್ಧ ಗಂಟೆ ಎಂದರೆ ಏನೆಂದು ನಾನು ಬಲ್ಲೆ.

ಸೋನಮ್‌ನಲ್ಲಿ ಕುಸಿದದ್ದು ಬಂಡೆಯಂಥ ಮಂಜುಗಡ್ಡೆ, ಅಲ್ಲಿ ಇದು ಉಪಯೋಗಕ್ಕೆ ಬರುತ್ತಿತ್ತೆಂದು ನಾನು ಹೇಳುವುದಿಲ್ಲ. ಆಲ್ಪ್ಸ್‌ನ ಎತ್ತರವೇ ಬೇರೆ, ಸಿಯಾಚಿನ್‌ನ ತೆಳು ಗಾಳಿಯೇ ಬೇರೆ. ಮೈನಸ್ 40ರಲ್ಲಿ ಬ್ಯಾಟರಿ ತಾಳುತ್ತದೆಯೇ? ಅದಕ್ಕೇ ಕೇಳುತ್ತಿರುವುದು, ನಮ್ಮ ಹಿಮದಲ್ಲಿ ಪರೀಕ್ಷಿಸಿ ಎಂದು. ಯೋಧರಿಗಷ್ಟೇ ಅಲ್ಲ. 2025ರ ಫೆಬ್ರುವರಿಯಲ್ಲಿ ಉತ್ತರಾಖಂಡದ ಮಾಣಾದಲ್ಲಿ ಆದ ಹಿಮಕುಸಿತಕ್ಕೆ ಬಲಿಯಾದ ಎಂಟು ಮಂದಿ ಗಡಿ ರಸ್ತೆಯ ಕೂಲಿಗಳು.

ನಿಯಮ ನಿಮಗೆ ಗೊತ್ತೇ ಇದೆ. 15 ದಿನ ಮುಂಚೆ ನೋಟಿಸ್ ಕೊಟ್ಟರೆ ಸದನದಲ್ಲಿ ಪ್ರಶ್ನೆ ಕೇಳಬಹುದು. ಕೇಳಿ. ಇಂಥ ಸಾಧನವನ್ನು ನಮ್ಮಲ್ಲಿ ಪರೀಕ್ಷಿಸಿದ್ದಾರೆಯೇ, ಇಲ್ಲದಿದ್ದರೆ ಯಾವಾಗ ಪರೀಕ್ಷಿಸುತ್ತಾರೆ ಎಂದು ಕೇಳಿ. ಹಣ ಬೇಡ, ಭಾಷಣ ಬೇಡ, ಕೇಳಿದರೆ ಸಾಕು. ನನ್ನ ತಂಗಿಯ ಮಗ ಈ ಚಳಿಗಾಲಕ್ಕೆ ಲಡಾಖ್‌ನಲ್ಲಿರುತ್ತಾನೆ.

ನಿಮಗೆ ಬಿಡುವಿಲ್ಲವೆಂದು ಪ್ರಶ್ನೆಯನ್ನು ನಾನೇ ಬರೆದು, ಟೈಪ್ ಮಾಡಿಸಿ ಲಗತ್ತಿಸಿದ್ದೇನೆ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತೂ ಹಾಕಿದ್ದೇನೆ.

ಇಂತಿ,
ನಿಮ್ಮ ಮತದಾರ, ನಿವೃತ್ತ ಹವಾಲ್ದಾರ